ಕೆಳಮನೆಯ ಖಾಕಿ

ಕಾಕ್ಸ್ ಟೌನಿನ ನಮ್ಮ ಬೀದಿಯ ತಿರುವಿನಲ್ಲಿ ಒಂದು ಇಸ್ತ್ರಿ ಗಾಡಿ ಇದೆ. ಮೊನ್ನೆ ಸೀರೆ ತರಲು ಹೋದಾಗ ಅಲ್ಲಿ ಖಾಕಿ ಅಂಗಿಯೊಂದಕ್ಕೆ ಇಸ್ತ್ರಿ ನಡೆದಿತ್ತು. ಬಿಸಿ ತಾಗಿದ ಅನ್ನದ ಗಂಜಿಯ ವಾಸನೆ. ನಮ್ಮ ಕೆಳಮನೆಯಲ್ಲಿ ಬಾಡಿಗೆಗಿದ್ದ ಹೆಡ್ ಕಾನ್‌ಸ್ಟೇಬಲ್ ನೆನಪಾದರು.

ಕಲಬುರಗಿ ಕಡೆಯವರು. ನಾನಿನ್ನೂ ಎಂ.ಎ. ಓದುತ್ತಿದ್ದರೂ ನನ್ನನ್ನು ಮೇಡಂ ಎನ್ನುತ್ತಿದ್ದರು. ಬೆಳಿಗ್ಗೆ ಅವರು ಡ್ಯೂಟಿಗೆ ಹೊರಟರೆ ಗಂಜಿ ಹಾಕಿದ ಬಟ್ಟೆಯ ಸರಬರ ಸದ್ದು ನಮ್ಮ ಮೆಟ್ಟಿಲಿಗೂ ಕೇಳುತ್ತಿತ್ತು.

ಒಂದು ಸಂಜೆ ಶಿವಾಜಿನಗರ ಬಸ್ ನಿಲ್ದಾಣದ ಬಳಿ ಗಲಾಟೆಯಾಯಿತು. ಬಂದೋಬಸ್ತಿನಲ್ಲಿದ್ದ ಇವರ ತಲೆಗೆ ಕಲ್ಲು ಬಿತ್ತು. ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದರು. ಮರುದಿನ ಎಲ್ಲರ ಫೋನಿಗೂ ಒಂದು ವಿಡಿಯೊ ಬಂತು. ಅದರಲ್ಲಿ ಕಲ್ಲು ಬಿದ್ದದ್ದು ಇರಲಿಲ್ಲ. ನೆಲಕ್ಕೆ ಬಗ್ಗಿದ್ದ ಯುವಕನೊಬ್ಬನಿಗೆ ಇವರು ಲಾಠಿಯಿಂದ ಹೊಡೆಯುತ್ತಾರೆ, ಅವನು ಬಿದ್ದ ಮೇಲೂ ಇನ್ನೊಮ್ಮೆ ಹೊಡೆಯುತ್ತಾರೆ, ಅಷ್ಟೇ. ಯುವಕನ ಕೈ ಮುರಿದಿತ್ತು. ಇವರನ್ನು ಅಮಾನತು ಮಾಡಿ ವಿಚಾರಣೆಗೆ ಕರೆದರು.

ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಇದೇ ಜಗಳ.

"ತಲೆ ಒಡೆದಿದೆ ಅವ್ರಿಗೆ. ಕೈ ಕಟ್ಕೊಂಡು ನಿಂತಿರ್ಬೇಕಿತ್ತಾ?" ಎಂದರು ಅಪ್ಪ.

"ಬಿದ್ದೋನಿಗೆ ಇನ್ನೊಂದು ಏಟು ಯಾಕೆ?" ಎಂದೆ.

"ನಿನ್ ತಲೆ ಮೇಲೆ ಕಲ್ಲು ಬಿದ್ದಿಲ್ಲ, ಅದಕ್ಕೇ ಈ ಮಾತು."

ಆ ಯುವಕನೇ ಕಲ್ಲೆಸೆದವನೆಂದು ನಾವಿಬ್ಬರೂ ನಂಬಿಕೊಂಡೇ ಜಗಳವಾಡುತ್ತಿದ್ದೆವು. ಈಗ ವಿಚಿತ್ರವೆನಿಸುತ್ತದೆ.

ವಿಚಾರಣೆಗೆ ಮುಂಚಿನ ಭಾನುವಾರ ಅಪ್ಪ ಬುದ್ಧಿ ಹೇಳಲು ಕೆಳಗೆ ಹೋದರು. ನಾನೂ ಹೋದೆ. ಅವರು ಹಣೆಗೆ ಬ್ಯಾಂಡೇಜು ಸುತ್ತಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು.

"ಮೊದ್ಲು ಕಲ್ಲು ಬಿತ್ತು, ಆಮೇಲೆ ನಾನು ಹೊಡ್ದೆ ಅಂತ ಹೇಳ್ಬಿಡಿ ಸಾರ್. ನಿಜಾನೇ ಅಲ್ವಾ?"

"ಖರೇನೇ ಅದರೀ. ಆದ್ರ ಕಲ್ಲು ಒಗದಾಂವ ಬ್ಯಾರೆ, ನನ್ನ ಕೈಲಿ ಏಟು ತಿಂದಾಂವ ಬ್ಯಾರೆ." ಇನ್ನೊಂದು ಅವರೆಕಾಯಿ ಸುಲಿದು ಹೇಳಿದರು. "ಒಗದಾಂವ ಓಡಿ ಹೋದ. ಇಂವ ಬಗ್ಗಿದ್ದ. ಇನ್ನೊಂದು ಕಲ್ಲು ಎತ್ತಲತ್ತಾನ ಅನಕೊಂಡೆ. ಜಾರಿದ ಚಪ್ಪಲ್ ತೊಗೊಳಾಕ ಬಗ್ಗಿದ್ದರೀ ಅಂವಾ."

"ಇದನ್ನ ಅಲ್ಲಿ ಬಾಯ್ಬಿಡ್ಬೇಡಿ. ಕೆಲಸ ಹೋಗುತ್ತೆ."

"ಹೋದ್ರ ಊರಾಗ ಎಮ್ಮಿ ಕಾಯ್ತೀನ್ರೀ," ಎಂದು ನಕ್ಕರು. ಹೊಲಿಗೆ ಎಳೆದಿರಬೇಕು, ಹಣೆ ಹಿಡಿದುಕೊಂಡರು.

ಆ ದಿನದ ನನ್ನ ಡೈರಿಯಲ್ಲಿ ಪರೀಕ್ಷೆಯ ಚಿಂತೆ ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ಅವರ ಮಾತು ಅಕ್ಷರಶಃ ಇದೇ ಎಂದು ಹೇಳಲಾರೆ... ಚಪ್ಪಲಿಯ ವಿಷಯ ಮಾತ್ರ ಖಂಡಿತ.

ವಿಚಾರಣೆಯಲ್ಲೂ ಅವರು ಚಪ್ಪಲಿಯ ವಿಷಯ ಮುಚ್ಚಿಡದೆ ಹೇಳಿದರು. ಕೆಲಸ ಉಳಿಯಿತು. ಬಡ್ತಿ ನಿಂತಿತು, ದೂರದ ಊರಿಗೆ ವರ್ಗವಾಯಿತು. ಕಲ್ಲೆಸೆದವನು ಸಿಗಲೇ ಇಲ್ಲ. ಯುವಕನ ಕೈ ಸರಿಹೋಯಿತೋ ಇಲ್ಲವೋ, ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ.

ಮನೆ ಖಾಲಿ ಮಾಡಿದ ದಿನ ಹೇಳಿಹೋಗಲು ಮೇಲೆ ಬಂದಿದ್ದರು. ಹೊರಡುವಾಗ ಬಾಗಿಲ ಬಳಿ ಚಪ್ಪಲಿಗೆ ಬಗ್ಗಿದವರು ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡಿದ್ದರು... ಪಟ್ಟಿ ಸಿಕ್ಕಿಕೊಂಡಿತ್ತೋ ಏನೋ. ಅಥವಾ ಇದನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ.

ಈಗವರಿಲ್ಲ. ನಿವೃತ್ತಿಯಾದ ಸ್ವಲ್ಪ ದಿನಕ್ಕೇ ಊರಿನಲ್ಲಿ ತೀರಿಕೊಂಡರೆಂದು ಯಾರೋ ಹೇಳಿದರು. ಇಂಥ ವಿಡಿಯೊಗಳು ಈಗಲೂ ಬರುತ್ತವೆ: ಪೊಲೀಸರಿಗೆ ಹೊಡೆದದ್ದು, ಪೊಲೀಸರು ಹೊಡೆದದ್ದು. ಮೊದಲು ಕೈ ಎತ್ತಿದವರು ಯಾರೆಂದು ಎಲ್ಲರೂ ಕೇಳುತ್ತಾರೆ. ಅಪ್ಪ ಮಾತ್ರ ಕನ್ನಡಕ ಏರಿಸಿ, "ಕೈ ಎತ್ತಿದೋನೂ ಏಟು ತಿಂದೋನೂ ಒಬ್ನೇನಾ, ನೋಡು" ಎನ್ನುತ್ತಾರೆ.

ಇಸ್ತ್ರಿಯವನು ಖಾಕಿ ಅಂಗಿಯನ್ನು ಮಡಿಸಿ ನನ್ನ ಸೀರೆಯ ಪಕ್ಕದಲ್ಲಿಟ್ಟ. ಯಾರದೆಂದು ಕೇಳಬೇಕೆನಿಸಿತು. ದುಡ್ಡು ಕೊಟ್ಟು ಸೀರೆ ಎತ್ತಿಕೊಂಡೆ. ಮನೆಗೆ ಬಂದು ಸೀರೆ ಬಿಡಿಸಿದಾಗ ಅದಕ್ಕೂ ಅದೇ ವಾಸನೆ ಹತ್ತಿತ್ತು.