ಏಳು ನಿಮಿಷದ ಜಂಬುನಾಥ್

ಹೊಸಪೇಟೆಯ ಜಂಬುನಾಥ್ ತೆಗೆಯುವ ಸಾಕ್ಷ್ಯಚಿತ್ರಗಳು ಏಳು ನಿಮಿಷ ಮೀರುವುದಿಲ್ಲ, ಆದರೆ ಅವುಗಳ ಬಗ್ಗೆ ಅವರು ಮಾತಿಗೆ ಕೂತರೆ ಎದುರಿದ್ದವರ ಊಟ ಆರಿಹೋಗುತ್ತದೆ. ಕಂಪ್ಲಿಯಲ್ಲಿ ಹರಿಗೋಲು ಹೆಣೆಯುತ್ತಿದ್ದ ರಾಯಣ್ಣನವರ ಮೇಲೆ ತೆಗೆದ ಚಿತ್ರಕ್ಕೆ ಕೋಲ್ಕತ್ತದಲ್ಲಿ ಪ್ರಶಸ್ತಿ ಬಂದ ಮೇಲಂತೂ ಜಗತ್ತೆಲ್ಲ ತಮ್ಮ ಕ್ಯಾಮೆರಾಕ್ಕಾಗಿಯೇ ಹುಟ್ಟಿದೆ ಎಂದು ನಂಬಿಬಿಟ್ಟರು. ಮರಿಯಮ್ಮನಹಳ್ಳಿಯಲ್ಲಿ ಲಾರಿಗೆ ಕೈ ಅಡ್ಡ ಹಿಡಿದು, "ಅಣ್ಣಾರ, ಧೂಳು ಸರಿಯಾಗಿ ಏಳಲಿಲ್ಲ, ಸ್ವಲ್ಪ ಹಿಂದಕ್ಕ ಹೋಗಿ ಮತ್ತ ಬರ್ರಿ" ಎಂದು ಹೇಳಿ ಡ್ರೈವರನಿಂದ ಬೈಸಿಕೊಂಡರು. ಮಲಪನಗುಡಿಯ ಹಳೇ ಬಾವಿಯಲ್ಲಿ ಕಪ್ಪೆಯೊಂದು ನೀರಿಗೆ ನೆಗೆಯಲಿ ಎಂದು ಮೂರು ದಿನ ಕಾದರು. ನಾಲ್ಕನೆಯ ದಿನ ತಾವೇ ಜಾರಿ ಬಿದ್ದರು, ಕಪ್ಪೆ ಮೆಟ್ಟಿಲ ಮೇಲೆ ಕೂತು ನೋಡಿತು. ಹೆಂಡತಿ ಹೇಮಾವತಿ ಜಗಳಕ್ಕೆ ನಿಂತರೆ, "ಕಿಟಕಿ ಕಡೆ ತಿರುಗಿ ಮಾತಾಡು, ಬೆಳಕು ಭಾಳ ಮಸ್ತ್ ಐತಿ" ಅನ್ನುತ್ತಾರೆ. ಆಕೆ ತಿರುಗಿ ನಿಂತೇ ಜಗಳ ಮುಂದುವರಿಸುತ್ತಾಳೆ. ರಾಯಣ್ಣನವರು ಹೋದ ವರ್ಷ ತೀರಿಕೊಂಡರು. ಅವರ ಹೆಂಡತಿ ಚೆನ್ನಬಸಮ್ಮ ಅಮಾವಾಸ್ಯೆಗೊಮ್ಮೆ ಬಸ್ಸು ಹಿಡಿದು ಜಂಬುನಾಥರ ಕೋಣೆಗೆ ಬರುತ್ತಾರೆ. "ಬಹುಮಾನದ್ದು ಬ್ಯಾಡಪ್ಪ, ಅದರಾಗ ಭಾಳ ಶಾಣ್ಯಾರಂಗ ಮಾತಾಡ್ಯಾರ. ನನ್ನ ಬೈದಿದ್ದು ಹಾಕು" ಅನ್ನುತ್ತಾರೆ. ಚಿತ್ರದಿಂದ ಕತ್ತರಿಸಿದ್ದ ಆ ತುಣುಕನ್ನು ಜಂಬುನಾಥ್ ಮೂರು ಕಡೆ ಜೋಪಾನವಾಗಿ ಇಟ್ಟಿದ್ದಾರೆ. ಪರದೆಯ ಮೇಲೆ ರಾಯಣ್ಣ, "ಲೇ ಚೆನ್ನಿ, ಚಾದಾಗ ಸಕ್ರಿ ಹಾಕಿಲ್ಲೇನಲೇ?" ಎಂದು ಕೂಗುತ್ತಾರೆ, ಪರದೆಯ ಮುಂದೆ ಕೂತ ಚೆನ್ನಬಸಮ್ಮ ಸೆರಗು ಸರಿಮಾಡಿಕೊಂಡು, "ಹಾಕೀನ್ರಿ, ತಳದಾಗ ಐತಿ, ಕಲಸ್ಕೊಳ್ರಿ" ಎಂದು ಉತ್ತರ ಕೊಡುತ್ತಾರೆ. ಅಷ್ಟರಲ್ಲಿ ಜಂಬುನಾಥ್ ಬಾಗಿಲು ಮುಂದೆ ಮಾಡಿ, ಚಪ್ಪಲಿಯಿಲ್ಲದೆ ಹೊರಗೆ ಬಿಸಿಲಲ್ಲಿ ನಿಂತಿರುತ್ತಾರೆ.