ಸಪ್ಪಳ ಮಾಡದ ಕ್ಯಾಬಿನೆಟ್

ಒಂದು ತಗಡಿನ ಡಬ್ಬಿ ಆರಿಸಲು ನಾನು ಹನ್ನೊಂದು ತಿಂಗಳು ತೆಗೆದುಕೊಂಡೆ ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಅಣ್ಣ ವೈನಿಯನ್ನು ಹೆಣ್ಣು ನೋಡಲು ಹೋದಾಗ ಕೈಯಲ್ಲಿದ್ದ ಚಹಾ ಆರುವುದರೊಳಗೆ ಒಪ್ಪಿಬಿಟ್ಟಿದ್ದನಂತೆ; ಆ ಆಯ್ಕೆ ಇಂದಿಗೂ ಸುಖವಾಗಿ ನಡೆದಿದೆ. ಅದೇ ತಾಯಿಯ ಮಗನಾದ ನಾನು ಮಾತ್ರ ಪೆನ್ನು ಕೊಳ್ಳುವಾಗಲೂ ನಾಲ್ಕರಲ್ಲಿ ನನ್ನ ಹೆಸರು ಬರೆದು ನೋಡಿ, ಐದನೆಯದನ್ನು ಕೊಂಡು, ದಾರಿಯುದ್ದಕ್ಕೂ ಎರಡನೆಯದನ್ನು ನೆನೆಯುವವನು.

ಡಬ್ಬಿ ಎಂದರೆ ಕಂಪ್ಯೂಟರಿನ ಕ್ಯಾಬಿನೆಟ್. ಹೊಸ ಶತಮಾನ ಬಂದು ನಾಲ್ಕೈದು ವರ್ಷವಾಗಿತ್ತು. ದಾಂಡೇಲಿಯ ಕಾರ್ಮಿಕರ ಓಣಿಯಲ್ಲಿ ನಮ್ಮದು ಎರಡು ಕೋಣೆ, ಹಿಂದೊಂದು ಅಡಿಗೆಮನೆಯ ಸಂಸಾರ. ಅಣ್ಣ ಕಾಗದದ ಮಿಲ್ಲಿನಲ್ಲಿದ್ದ. ನಾನು ಹೊರಕೋಣೆಯಲ್ಲಿ ಒಂದು ಅಸೆಂಬಲ್ಡ್ ಕಂಪ್ಯೂಟರ್ ಇಟ್ಟುಕೊಂಡು ಹಳಿಯಾಳದ ಪ್ರೆಸ್ಸಿಗೆ ಲಗ್ನಪತ್ರಿಕೆಗಳನ್ನೂ, ಜೊಯಿಡಾ ಕಡೆಯಿಂದ ಬಂದವರಿಗೆ ಅರ್ಜಿಗಳನ್ನೂ ಟೈಪ್ ಮಾಡಿಕೊಡುತ್ತಿದ್ದೆ. ಒಳಕೋಣೆಯಲ್ಲಿ ಅಣ್ಣ ಮಲಗುತ್ತಿದ್ದ. ನಡುವೆ ಬಾಗಿಲಿರಲಿಲ್ಲ, ಒಂದು ಪರದೆ ಇತ್ತು.

ನಮ್ಮ ಓಣಿಯಲ್ಲಿ ಹಗಲು ನಿದ್ದೆಗೆ ಇದ್ದ ಮರ್ಯಾದೆ ದೇವರ ಪೂಜೆಗೂ ಇರಲಿಲ್ಲ. ಯಾರ ಮನೆಯ ಹೊರಚಿಲಕಕ್ಕೆ ಟಾವೆಲ್ ಕಟ್ಟಿದೆಯೋ ಆ ಮನೆಯಲ್ಲಿ ರಾತ್ರಿಯ ಮೂರನೇ ಪಾಳಿ ಮುಗಿಸಿ ಬಂದವರು ಮಲಗಿದ್ದಾರೆಂದು ಅರ್ಥ. ಟಾವೆಲ್ ಕಂಡರೆ ಕಾಯಿಪಲ್ಲೆ ಮಾರುವವಳು ಬದನೆಕಾಯಿಯ ಹೆಸರನ್ನು ಕಿವಿಯಲ್ಲಿ ಹೇಳುವಷ್ಟು ಮೆತ್ತಗೆ ಹೇಳಿ ಮುಂದೆ ಹೋಗುತ್ತಿದ್ದಳು. ನಮ್ಮ ವೈನಿಯಂತೂ ಕುಕ್ಕರನ್ನು ಟಾವೆಲ್ ಇಲ್ಲದ ಮನೆಗೆ ಒಯ್ದು, ಮೂರು ಸೀಟಿ ಹೊಡೆಸಿಕೊಂಡು, ಬೇಳೆ ಬೇಯಿಸಿ ತರುತ್ತಿದ್ದಳು. ಇಂಥ ಓಣಿಯಲ್ಲಿ ಟಾವೆಲ್ ಕಟ್ಟಿದ ಮನೆಯ ಒಳಗೇ ಕೂತು ಗದ್ದಲ ಮಾಡುತ್ತಿದ್ದದ್ದು ನನ್ನ ಕಂಪ್ಯೂಟರ್ ಒಂದೇ. ಅದರ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಗುರ್ ಎನ್ನುತ್ತಿತ್ತು.

ಒಂದು ಬೆಳಿಗ್ಗೆ ಅಣ್ಣ ಬೆರಳಿಗೆ ಪಟ್ಟಿ ಸುತ್ತಿಕೊಂಡು ಬಂದ. ಕಾಗದದ ಸುರುಳಿ ಸುತ್ತುವ ಕಡೆ ಅವನ ಕೆಲಸ. "ಒಂದೀಟು ತೂಕಡಿಕಿ ಬಂತು ನೋಡು, ತರಚ್ತು. ಏನಾಗಿಲ್ಲ" ಎಂದು ಹೇಳಿ ಮಲಗಲು ಹೋದ. ಏನೂ ಆಗಿರಲಿಲ್ಲ, ನಿಜ. ಆದರೆ ಅಲ್ಲಿ ತೂಕಡಿಸಿದವರ ಕೈ ಏನಾಗಬಹುದೆಂದು ಓಣಿಯಲ್ಲಿ ಬೆಳೆದ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನ ನಿದ್ದೆ ತಿನ್ನುತ್ತಿರುವುದು ನನ್ನ ಗಿರಣಿಯೇ ಎಂದು ಆ ಕ್ಷಣಕ್ಕೆ ತೀರ್ಮಾನಿಸಿಬಿಟ್ಟೆ. ಆವತ್ತು ಕೀಲಿಮಣೆಯನ್ನು ಮುಟ್ಟಲಿಲ್ಲ.

ಮೊದಲ ಉಪಾಯವಾಗಿ ಕಂಪ್ಯೂಟರಿಗೆ ಕೌದಿ ಹೊದಿಸಿದೆ. ಒಂದು ತಾಸು ಸುಖವಾಗಿ ಬೆಚ್ಚಗೆ ಇದ್ದು ಅದು ಪ್ರಾಣ ಬಿಟ್ಟಿತು. ಜೊತೆಗೆ ಪಾಳಾ ಊರಿನ ಯಾರದೋ ಲಗ್ನಪತ್ರಿಕೆಯೂ ಹೋಯಿತು. ತಿರುಗಿ ಜೀವ ಬಂದ ಮೇಲೆ ನಾನು ಓದಲು ಶುರುಮಾಡಿದೆ. ಸಣ್ಣ ಫ್ಯಾನು ಜೋರಾಗಿ ತಿರುಗಿ ಕಿರುಚುತ್ತದೆ, ದೊಡ್ಡದು ನಿಧಾನವಾಗಿ ತಿರುಗಿ ಅಷ್ಟೇ ಗಾಳಿ ಕೊಡುತ್ತದೆ, ತೆಳು ತಗಡು ನಡುಗುತ್ತದೆ, ದಪ್ಪ ತಗಡು ತಡೆದುಕೊಳ್ಳುತ್ತದೆ ಎಂಬ ಜ್ಞಾನ ಬಂತು. ಇದರಲ್ಲಿ ಮನುಷ್ಯರಿಗೂ ಅನ್ವಯಿಸುವ ಸಂಗತಿ ಬಹಳ ಇದೆ ಎಂದು ಕಂಡ ಕಂಡವರಿಗೆ ಹೇಳುತ್ತಾ ತಿರುಗಿದೆ. ಋಷಿಗಳು ಮೌನ ಹುಡುಕಿ ಕಾಡಿಗೆ ಹೋದರು ಎನ್ನುವುದರಲ್ಲೂ ನನಗೆ ಸಂಶಯ ಹುಟ್ಟಿತು. ನಮ್ಮ ಸುತ್ತ ಇರುವುದೆಲ್ಲ ಕಾಡೇ. ಕೋಗಿಲಬನದ ಕಡೆ ಹೊಳೆಯ ದಂಡೆಗೆ ಹೋಗಿ ಕೂತರೆ ಜೀರುಂಡೆ ಮಾತು ಕೇಳಗೊಡುವುದಿಲ್ಲ, ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾರಿದರೆ ರೆಕ್ಕೆಯ ಸದ್ದಿಗೆ ಬೆಚ್ಚಿ ಬೀಳಬೇಕು. ಋಷಿಗಳು ಬಹುಶಃ ಮನೆಯವರ ಸದ್ದಿನಿಂದ ತಪ್ಪಿಸಿಕೊಳ್ಳಲು ಹೋಗಿರಬೇಕು.

ಆಮೇಲೆ ಹುಬ್ಬಳ್ಳಿಗೆ ಹೋದೆ. ಅಂಗಡಿಯಲ್ಲಿ ಸಾಲಾಗಿ ನಿಂತಿದ್ದ ಕ್ಯಾಬಿನೆಟ್‌ಗಳನ್ನು ಸಂತೆಯಲ್ಲಿ ಗಡಿಗೆ ಬಡಿದು ನೋಡುವ ಹಾಗೆ ಬೆರಳಿನ ಗೆಣ್ಣಿನಿಂದ ಬಡಿದು ನೋಡಿದೆ. ಒಂದೊಂದಕ್ಕೂ ಕಿವಿ ಹಚ್ಚಿದೆ. ಒಳಗಿನ ಫ್ಯಾನು ಚಾಲೂ ಮಾಡಿ ತೋರಿಸಿ ಎಂದೆ. ತೋರಿಸಿದಾಗ ತಲೆಯ ಮೇಲಿನ ಪಂಖಾದ ಸದ್ದಿಗೆ ಏನೂ ಕೇಳುತ್ತಿಲ್ಲ, ಅದನ್ನು ಆರಿಸಿ ಎಂದೆ. ಆರಿಸಿದರು. ಅಂಗಡಿಗೆ ಬಂದ ಗಿರಾಕಿಗಳೆಲ್ಲ ನನ್ನ ಸಲುವಾಗಿ ಬೆವರಿದರು.

"ಸರ, ಮಂದಿ ಮುಂದಿನ ಲೈಟು ನೋಡಿ ತಗೋತಾರ್ರಿ" ಎಂದ ಅಂಗಡಿಯವ. "ಕಿವಿ ಹಚ್ಚಿ ನೋಡಿದವ್ರು ನೀವೊಬ್ರ. ಡಾಕ್ಟರ್ ಅದೀರೇನ್ರಿ?"

ಅಲ್ಲ ಎಂದು ಹೇಳಿ ಬರಿಗೈಯಲ್ಲಿ ಬಸ್ಸು ಹತ್ತಿದೆ. ಹೀಗೆ ನಾಲ್ಕು ಸಲ ಹೋದೆ. ಐದನೆಯ ಸಲಕ್ಕೆ ಅವನು ನನ್ನನ್ನು ದೂರದಿಂದಲೇ ಗುರುತು ಹಿಡಿದು, ತಾನೇ ಪಂಖಾ ಆರಿಸಿದ. ನನಗೆ ನಾಚಿಕೆಯಾಗಿ ಪಕ್ಕದ ಅಂಗಡಿಯಲ್ಲಿ ಚಹಾ ಕುಡಿದು ವಾಪಸಾದೆ.

ನಮ್ಮ ಕಡೆಯವರಿಗೆ ಒಂದು ಭ್ರಮೆ ಇದೆ. ಸಾಗವಾನಿಯಿಂದ ಆಗದ ಕೆಲಸ ಜಗತ್ತಿನಲ್ಲಿ ಇಲ್ಲ ಎಂಬುದು. ಡಿಪೋದ ಕಟ್ಟಿಗೆಯ ರಾಶಿ ನೋಡುತ್ತ ಬೆಳೆದವರಿಗೆ ಬೇರೆ ಬುದ್ಧಿ ಹೇಗೆ ಬಂದೀತು? ತಗಡು ಕೈಕೊಟ್ಟ ಮೇಲೆ ನಾನು ಹಳಿಯಾಳದ ಪಾಂಡು ಮಿಸ್ತ್ರಿಯ ಹತ್ತಿರ ಹೋಗಿ, ಸಾಗವಾನಿಯ ಕ್ಯಾಬಿನೆಟ್ ಮಾಡಿಕೊಡಿ ಎಂದೆ. ಅವರು ಕಂಪ್ಯೂಟರಿನ ಅಳತೆ ತೆಗೆದುಕೊಂಡು, "ಫಿಕರ್ ಮಾಡಬ್ಯಾಡ್ರಿ, ಇರುವಿ ಸೈತ ಒಳಗ ಹೋಗಾಕಿಲ್ಲ, ಹಂಗ ಮಾಡತೇನಿ" ಎಂದರು. ಹಾಗೆಯೇ ಮಾಡಿದರು. ಇರುವೆ ಹೋಗಲಿಲ್ಲ, ಗಾಳಿಯೂ ಹೋಗಲಿಲ್ಲ. ಮೇಲೆ ಎರಡು ಕಡೆ ನವಿಲು, ನಡುವೆ ಕಮಲ ಕೆತ್ತಿದ್ದರು. ನಾನು ತಂತಿ ಜೋಡಿಸಿ ತಿರುಗುವುದರೊಳಗೆ ವೈನಿ ಅದಕ್ಕೆ ಕುಂಕುಮ ಹಚ್ಚಿ ಕೈ ಮುಗಿದಿದ್ದಳು. ಅರ್ಧ ತಾಸಿನಲ್ಲಿ ಪಾಲಿಶ್ ಕಾದು ಮನೆತುಂಬ ವಾಸನೆ ಹಬ್ಬಿತು. ಈಗ ಅದರಲ್ಲಿ ನಮ್ಮ ಕುಲದೇವರು ಕೂತಿದ್ದಾರೆ. ಅವರಿಗೆ ಸೆಕೆಯ ತಕರಾರು ಇದ್ದ ಹಾಗಿಲ್ಲ.

ಕೊನೆಗೆ ಹುಬ್ಬಳ್ಳಿಯ ಅದೇ ಅಂಗಡಿಯಿಂದ ಮೊದಲ ಸಲ ನೋಡಿ ಬಿಟ್ಟಿದ್ದ ಕಪ್ಪು ಕ್ಯಾಬಿನೆಟ್ಟನ್ನೇ ತಂದೆ. ದಪ್ಪ ತಗಡು, ಹಿಂದೆ ತಾಟಿನಗಲದ ಫ್ಯಾನು, ಒಂದು ಲೈಟೂ ಇಲ್ಲ. ನಡುಗದಿರಲೆಂದು ಹಾರ್ಡ್ ಡಿಸ್ಕಿನ ಕೆಳಗೆ ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಇಟ್ಟೆ. ಗುಂಡಿ ಒತ್ತಿದೆ. ಏನೂ ಕೇಳಲಿಲ್ಲ. ಕೆಟ್ಟಿತೇನೋ ಎಂದು ಅಂಜಿ ಕಿವಿ ಹಚ್ಚಿದರೆ ದೂರದಲ್ಲಿ ಯಾರೋ ಉಸಿರಾಡಿದಂತೆ ಒಂದು ಸುಳಿವು ಮಾತ್ರ. ನಿಮಗೆ ಹೇಳಲು ಏನು, ನನ್ನ ಕಣ್ಣು ತುಂಬಿ ಬಂತು.

ಆದರೆ ಅಣ್ಣ ಆಕಳಿಸುವುದನ್ನು ಬಿಡಲಿಲ್ಲ. ಸಂಜೆ ಎದ್ದಾಗ ಕಣ್ಣು ಕೆಂಪಗೇ ಇರುತ್ತಿದ್ದವು. ಎಲ್ಲೋ ಸಪ್ಪಳ ಉಳಿದಿದೆ ಎಂದುಕೊಂಡು ನಾನು ಇನ್ನಷ್ಟು ಎಚ್ಚರ ವಹಿಸಿದೆ. ನಾಲ್ಕು ಸಾಲು ಟೈಪ್ ಮಾಡುವುದು, ಎದ್ದು ತುದಿಗಾಲಲ್ಲಿ ಹೋಗಿ ಪರದೆ ಸರಿಸುವುದು, ಬಾಗಿ ಅವನ ರೆಪ್ಪೆ ಅಲುಗಾಡುತ್ತಿದೆಯೇ ನೋಡುವುದು, ಮರಳಿ ಬಂದು ನಾಲ್ಕು ಸಾಲು ಟೈಪ್ ಮಾಡುವುದು. ಹನ್ನೊಂದು ತಿಂಗಳಿಂದ ನಡೆದದ್ದೇ ಈ ತಪಾಸಣೆ; ಈಗ ಅದು ಹೆಚ್ಚಾಯಿತು, ಅಷ್ಟೆ.

ಒಂದು ಮಧ್ಯಾಹ್ನ ಹಾಗೆ ಬಾಗಿದಾಗ ಅಣ್ಣನ ಎರಡೂ ಕಣ್ಣು ತೆರೆದಿದ್ದವು.

"ಏನ್ ನೋಡಾಕತ್ತೀಯೋ?" ಎಂದ.

"ಸಪ್ಪಳಕ್ಕ ಎಚ್ಚರ ಆತೇನ ಅಂತ..."

ಅಣ್ಣ ಎದ್ದು ಕೂತ. "ತಮ್ಮಾ, ಹದಿನೆಂಟು ವರ್ಸ ಮಷೀನಿನ ಬಾಜೂಕ ನಿಂತಾಂವ ನಾನು. ನಿನ್ನ ಡಬ್ಬಿ ಸಪ್ಪಳಕ್ಕ ಎಚ್ಚರ ಆಕ್ಕೇನೇನು? ನೀ ಕಳ್ಳನ ಗತೆ ಬಂದು ಮಾರಿ ಮ್ಯಾಲ ಉಸರ ಬಿಡತೀ ನೋಡು, ಅದಕ್ಕ ಎಚ್ಚರ ಆಗತೈತಿ. ಇವತ್ತಿಂದು ಇದು ಆರನೇ ಸಲ."

"ಮೊದಲ ಹೇಳಬಾರದಾಗಿತ್ತೇನಣ್ಣಾ?"

"ಹೆಂಗ ಹೇಳಲಿ? ನನ್ನ ಸಲುವಾಗಿ ಅಷ್ಟು ಒದ್ದಾಡಾಕತ್ತಿದ್ದಿ." ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದ. "ಹೋಗು, ಕುಂತು ಟೈಪ್ ಹೊಡಿ. ಟಕಟಕ ಅನ್ನೂದು ಕೇಳತಿದ್ರ, ತಮ್ಮ ದುಡ್ಯಾಕತ್ತಾನು ಅಂತ ಚಲೋ ನಿದ್ದಿ ಬರತೈತಿ ನನಗ."

ಕಂಡ ಕಂಡದ್ದಕ್ಕೆಲ್ಲ ಕಿವಿ ಹಚ್ಚಿದವನು ನಾನು. ನನಗೆ ನಾನೇ ಒಮ್ಮೆಯೂ ಹಚ್ಚಿಕೊಂಡಿರಲಿಲ್ಲ. ಹೊರಗೆ ಬಂದು ಕೂತು, ಕೀಲಿಮಣೆ ಮುರಿಯುವ ಹಾಗೆ ಟೈಪ್ ಮಾಡಿದೆ. ಹತ್ತು ನಿಮಿಷಕ್ಕೆ ಪರದೆಯ ಆಚೆಯಿಂದ ಗೊರಕೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅದು ನಿಂತಿತು. ಎದ್ದು ಹೋಗಿ ನೋಡಿಬರಬೇಕು ಎನ್ನಿಸಿತು. ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆ.