ರುಕ್ಮಿಣೀಬಾಯಿಯ ವಾಯ್ಸರು

ರುಕ್ಮಿಣೀಬಾಯಿಯ ಮಡಿ ಎಂದರೆ ಬಾಗಲಕೋಟೆಯ ಹಳೇ ಪೇಟೆಯ ಆ ಓಣಿಯಲ್ಲಿ ನಾಯಿಗಳಿಗೂ ಗೊತ್ತಿತ್ತು. ಬೆಳಿಗ್ಗೆ ಆಕೆ ತುಂಬಿದ ಕೊಡ ಹಿಡಿದು ಬಾವಿಕಟ್ಟೆಯಿಂದ ಅಡುಗೆಮನೆಗೆ ಹೊರಟಳೆಂದರೆ ಅಂಗಳದಲ್ಲಿ ಮಲಗಿದ ನಾಯಿ ತಾನಾಗಿ ಎದ್ದು ಗೋಡೆಗೆ ಸರಿದು ನಿಲ್ಲುತ್ತಿತ್ತು. ಗಂಡ ತೀರಿಕೊಂಡ ಮೇಲೆ ಆಕೆಯ ಸೀರೆಯನ್ನು ಬೇರೊಬ್ಬರು ಮುಟ್ಟಿದ್ದಿಲ್ಲ. ತಾನೇ ಒಗೆದು, ತಾನೇ ಹಿಂಡಿ, ಎತ್ತರದ ಗಳದ ಮೇಲೆ ಕೋಲಿನಿಂದ ಹರವುತ್ತಿದ್ದಳು. ಓಣಿಯ ಹೆಂಗಸರು ಬೆನ್ನ ಹಿಂದೆ ನಗುತ್ತಿದ್ದರು, ಎದುರಿಗೆ ಬಂದಾಗ ಸೆರಗು ಸಾವರಿಸಿಕೊಂಡು ದಾರಿ ಬಿಡುತ್ತಿದ್ದರು. ನಗುವವರಲ್ಲಿ ಅರ್ಧ ಮಂದಿ ತಮ್ಮ ಮನೆಯಲ್ಲಿ ಅದನ್ನೇ ಮಾಡುತ್ತಿದ್ದರು ಎನ್ನುವುದು ಬೇರೆ ಮಾತು.

ಅರವತ್ತರ ಹತ್ತಿರ ಬಂದಾಗ ಬೆರಳ ಗೆಣ್ಣುಗಳು ಬಾತುಕೊಂಡವು. ಹದಿನೆಂಟು ಮೊಳದ ಒದ್ದೆ ಸೀರೆ ಹಿಂಡುವುದೆಂದರೆ ಹುಡುಗಾಟವಲ್ಲ. ಸೊಸೆ ವಿಮಲಾಬಾಯಿ, "ನಾ ಹಿಂಡ್ತೇನಿ ಕೊಡ್ರಿ ಅತ್ಯಾರ" ಎಂದರೆ, "ನೀ ಇನ್ನೂ ಸ್ನಾನ ಮಾಡಿಲ್ಲ" ಎನ್ನುವಳು. ಸ್ನಾನ ಮಾಡಿ ಬಂದು ಕೇಳಿದರೆ, "ತಲಿ ಮ್ಯಾಲೆ ನೀರು ಹಾಕ್ಕೊಂಡಿಲ್ಲ" ಎನ್ನುವಳು. ಬಾವಿಕಟ್ಟೆಯ ಮೇಲೆ ಕೂತು ಬೆರಳು ಒತ್ತಿಕೊಳ್ಳುವಾಗ ಮಾತ್ರ ಕಣ್ಣಲ್ಲಿ ನೀರು ಬರುತ್ತಿತ್ತು. ಮಗ ದತ್ತಾತ್ರೇಯ ಅದನ್ನು ಮಾಳಿಗೆಯ ಕಿಟಕಿಯಿಂದ ನೋಡಿದ್ದ.

ದತ್ತಾತ್ರೇಯ ವಕೀಲ. ಕೇಳಿದರೆ ತಾಯಿ ಏನೂ ಇಲ್ಲ ಎನ್ನುವವಳೇ ಎಂದು ಗೊತ್ತಿದ್ದರಿಂದ ಕೇಳುವ ಗೋಜಿಗೆ ಹೋಗಲಿಲ್ಲ. ಹುಬ್ಬಳ್ಳಿಗೆ ಒಂದು ಖಟ್ಲೆಗಾಗಿ ಹೋದವನು, ಊರು ಬಿಟ್ಟು ಹೊರಟಿದ್ದ ಯಾರೋ ಸಾಹೇಬನ ಮನೆಯ ಲಿಲಾವಿನಲ್ಲಿ ಬಟ್ಟೆ ಒಗೆಯುವ ಯಂತ್ರವೊಂದನ್ನು ಸವಾಲು ಕೂಗಿ ಹಿಡಿದು ರೈಲಿಗೆ ಹಾಕಿಕೊಂಡು ಬಂದ. ನಾಲ್ಕು ಕಾಲಿನ ಬಿಳಿಯ ಹಂಡೆ. ಹೊಟ್ಟೆಯೊಳಗೆ ತಿರುಗುವ ಚಕ್ರ, ಪಕ್ಕದಲ್ಲಿ ನೀರು ಬರುವ ಬಾಯಿ, ಮೇಲೆ ಬಟ್ಟೆ ಹಿಂಡುವ ಎರಡು ಉರುಳೆ. ಓಣಿಗೆ ಕರೆಂಟು ಬಂದದ್ದೇ ಹಿಂದಿನ ವರ್ಷ. ಚಕ್ಕಡಿಯಿಂದ ಯಂತ್ರ ಇಳಿಸುವುದನ್ನು ನೋಡಲು ಜಾತ್ರೆಯ ಹಾಗೆ ಮಂದಿ ಸೇರಿತು.

ರುಕ್ಮಿಣೀಬಾಯಿ ದೂರ ನಿಂತು ವಿಚಾರಣೆ ನಡೆಸಿದಳು.

"ಆ ಉರುಳಿ ಎದರದ್ದು? ಚರ್ಮದ್ದೇನು?"

"ಅಲ್ಲವ್ವಾ, ರಬ್ಬರು. ಗಿಡದ ಹಾಲಿನಿಂದ ಮಾಡ್ತಾರ."

ಗಿಡದ ಹಾಲು ಎಂದ ಮೇಲೆ ಮೈಲಿಗೆ ಎಲ್ಲಿಂದ ಬಂತು? ನೀರು ತಮ್ಮ ಬಾವಿಯದೇ ಆಗಬೇಕು, ಮೊದಲು ತನ್ನ ಸೀರೆಯನ್ನೇ ಹಾಕಬೇಕು ಎಂದು ಕರಾರು ಮಾಡಿ ಆಕೆ ಒಪ್ಪಿಕೊಂಡಳು. ಒಳಗೊಳಗೆ ಮಗ ತನಗಾಗಿ ತಂದನಲ್ಲ ಎಂದು ಹಿಗ್ಗು. ಅದನ್ನು ತೋರಿಸಿಕೊಂಡರೆ ರುಕ್ಮಿಣೀಬಾಯಿ ಎಂದು ಯಾರು ಕರೆಯಬೇಕು!

ಮಾಳಿಗೆಯ ಮೇಲೆ ಕಬ್ಬಿಣದ ಟಾಕಿ ಇಟ್ಟು ಅಲ್ಲಿಂದ ಹಿತ್ತಲಲ್ಲಿಟ್ಟ ಯಂತ್ರಕ್ಕೆ ಪೈಪು ಜೋಡಿಸಲು ಇಮಾಮಹುಸೇನ ಬಂದ. ಪಂಪು, ನಳ, ಸ್ಟೋವು ಯಾವುದು ಕೆಟ್ಟರೂ ಆ ಮನೆಗೆ ಅವನೇ ಬರುತ್ತಿದ್ದ. ಊರಲ್ಲಿ ವಿದ್ಯಾರ್ಥಿಗಳಿಗಾಗಿ ಹೊಸ ಹಾಸ್ಟೆಲು ಏಳುತ್ತಿತ್ತು. ಅದರ ಕಮಿಟಿಗೆ ದತ್ತಾತ್ರೇಯನೇ ಕಾರ್ಯದರ್ಶಿ. ಹಾಸ್ಟೆಲಿನ ನಳದ ಕೆಲಸವನ್ನೆಲ್ಲ ಇಮಾಮಹುಸೇನನಿಗೆ ಕೊಡಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ.

"ಅದೊಂದು ಸಿಕ್ರ ಸಾಕ್ರಿ ರಾಯರ," ಎಂದ ಇಮಾಮಹುಸೇನ, ಪೈಪಿನ ತುದಿಗೆ ಸೆಣಬು ಸುತ್ತುತ್ತ. "ನಮ್ಮಾಕಿಗೆ ದಿನ ತುಂಬ್ಯಾವು. ಮನ್ಯಾಗ ಮತ್ತ್ಯಾರೂ ಹೆಣಮಕ್ಕಳಿಲ್ಲ. ಈಗ ಊರು ಬಿಟ್ಟು ಹೋಗಾಕ ಮನಸಿಲ್ರಿ."

ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ರುಕ್ಮಿಣೀಬಾಯಿ ಅದನ್ನು ಕೇಳಿಸಿಕೊಂಡಳು. ಪಾಪ, ಒಳ್ಳೆಯದಾಗಲಿ ಅಂದುಕೊಂಡಳು.

ಮರುದಿನ ಪಕ್ಕದ ಮನೆಯ ತುಳಸೀಬಾಯಿ ಹೂ ಕೇಳಲು ಬಂದಳು. ಹೂವಿಗಿಂತ ಯಂತ್ರ ನೋಡುವುದೇ ಆಕೆಗೆ ಮುಖ್ಯವಾಗಿತ್ತು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಧ್ವನಿ ಇಳಿಸಿ ಹೇಳಿದಳು:

"ರುಕ್ಮಕ್ಕಾ, ಪೈಪಿನ ಗಂಟಿನೊಳಗ ಏನಿರ್ತದ ಗೊತ್ತೇನ? ವಾಯ್ಸರು. ರೊಕ್ಕದ ಬಿಲ್ಲಿ ಹಂಗ ದುಂಡಗ ಕತ್ತರಿಸಿದ ಚರ್ಮ. ಅದಿಲ್ಲದಿದ್ರ ನೀರು ಸೋರ್ತದ. ಊರಿನ ನಳಕ್ಕೆಲ್ಲಾ ಅದನ್ನ ಹಾಕ್ತಾರಂತ ನಮ್ಮವರು ಹೇಳ್ತಿದ್ರು."

ಹೇಳಿದವಳು ಹೂ ತೆಗೆದುಕೊಂಡು ಹೋದಳು. ಕೇಳಿದವಳಿಗೆ ಊಟ ಸೇರಲಿಲ್ಲ. ಮಗನಿಗೆ ಹೇಳಿದರೆ ನಕ್ಕುಬಿಡುತ್ತಾನೆ. ಹೇಳದಿದ್ದರೆ ದನದ ಚರ್ಮ ದಾಟಿ ಬಂದ ನೀರಿನ ಸೀರೆ ಉಟ್ಟು ದೇವರ ಮುಂದೆ ಕೂರಬೇಕು. ಮಧ್ಯಾಹ್ನ ಮಗ ಕೋರ್ಟಿಗೆ ಹೋಗಿದ್ದ, ಸೊಸೆ ಮಲಗಿದ್ದಳು. ರುಕ್ಮಿಣೀಬಾಯಿ ಟಾಕಿಯಿಂದ ಇಳಿದ ಪೈಪಿನ ಕೀಲಿ ತಿರುವಿ ನೀರು ನಿಲ್ಲಿಸಿ, ನೋಯುವ ಬೆರಳುಗಳಿಂದಲೇ ಅದು ಯಂತ್ರಕ್ಕೆ ಕೂಡುವ ಗಂಟು ಬಿಚ್ಚಿದಳು. ಒಳಗೆ ನಿಜವಾಗಿಯೂ ಕಪ್ಪಗೆ ದುಂಡಗೆ ಒಂದು ವಸ್ತು ಕೂತಿತ್ತು. ಅಡುಗೆಮನೆಯ ಹಳೆಯ ಇಕ್ಕಳ ತಂದು, ಮುಖ ಆಚೆ ತಿರುಗಿಸಿ, ಅದನ್ನು ಚಿಮ್ಮಿ ತೆಗೆದು ಹಿತ್ತಲ ಗೋಡೆಯ ಪಕ್ಕದ ಒಡಕು ಮಡಕೆಯೊಳಗೆ ಒಗೆದಳು. ಇಕ್ಕಳವನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿದ ಮೇಲೇ ಸಮಾಧಾನವಾದದ್ದು.

ತೆಗೆದ ಜಾಗಕ್ಕೆ ಏನಾದರೂ ಹಾಕಬೇಕಲ್ಲ. ರೇಷ್ಮೆಗೆ ಮೈಲಿಗೆ ಇಲ್ಲ. ಟ್ರಂಕಿನ ತಳದಲ್ಲಿ ಆಕೆಯ ಧಾರೆಯ ಇಳಕಲ್ಲ ಸೀರೆ ಇತ್ತು. ಕೆಂಪು ರೇಷ್ಮೆಯ ಸೆರಗು, ಅದರಲ್ಲಿ ಬಿಳಿಯ ತೆನೆಗಳು. ಸೆರಗಿನ ಅಂಚಿನಲ್ಲಿ ಒಂದು ತುಂಡು ಕತ್ತರಿಸುವಾಗ ಕೈ ಒಂದಿಷ್ಟು ತಡೆಯಿತು. ಕೊನೆಗೂ ಕತ್ತರಿಸಿ, ಮಡಚಿ ಮಡಚಿ ಗಂಟಿನೊಳಗೆ ಒತ್ತಿ, ತಿರುಪು ಬಿಗಿದಳು. ಕೀಲಿ ಬಿಟ್ಟರೆ ಒಂದು ಹನಿ ಸೋರಲಿಲ್ಲ. ಮಿಸ್ತ್ರಿ ಕೆಲಸ ಅಂದರೆ ಇಷ್ಟೇ ಏನು ಎಂದು ಆಕೆಗೆ ಅನ್ನಿಸಿತು. ಸೋರದೇ ಇರುವ ನೀರು ಒಳಗೂ ಹೋಗುತ್ತದೋ ಇಲ್ಲವೋ ಎಂದು ನೋಡಬೇಕೆಂಬುದು ಮಾತ್ರ ಹೊಳೆಯಲಿಲ್ಲ.

ರವಿವಾರ ದತ್ತಾತ್ರೇಯ ಕಮಿಟಿಯ ಇಬ್ಬರು ಹಿರಿಯರನ್ನು ಫಳಾರಕ್ಕೆ ಕರೆದಿದ್ದ. ಯಂತ್ರ ಮೊದಲ ಸಲ ತಿರುಗುವುದನ್ನೂ ನೋಡಲಿ, ಇಮಾಮಹುಸೇನನ ಕೈಕೆಲಸವನ್ನೂ ನೋಡಲಿ ಎಂಬ ಎಣಿಕೆ. ತುಳಸೀಬಾಯಿಯ ಗಂಡ ಪಂಢರೀನಾಥ ಮಾಸ್ತರರು ಕರೆಯದೆಯೇ ಬಂದಿದ್ದರು. ಅವಲಕ್ಕಿ, ಚಹಾ ಮುಗಿಸಿ ಎಲ್ಲರೂ ಹಿತ್ತಲಿಗೆ ಬಂದರು. ದತ್ತಾತ್ರೇಯ ಕೀಲಿ ತಿರುವಿದ. ಹಂಡೆಯೊಳಗೆ ನೀರು ಬರಲಿಲ್ಲ. ಬಗ್ಗಿ ನೋಡಿದರೆ ಬಾಯಿಯಿಂದ ಒಂದೊಂದೇ ಹನಿ, ಅತ್ತು ಮುಗಿಸಿದ ಮಗುವಿನ ಕಣ್ಣಿನಂತೆ, ತೊಟ್ಟಿಕ್ಕುತ್ತಿತ್ತು.

"ಟಾಕ್ಯಾಗ ನೀರಿಲ್ಲೇನೋ," ಎಂದರು ಒಬ್ಬ ಹಿರಿಯರು. ವಿಮಲಾಬಾಯಿ ಮಾಳಿಗೆ ಹತ್ತಿ ನೋಡಿ ಬಂದಳು. ಕಂಠಪೂರ್ತಿ ಇತ್ತು. ಪೈಪು ಎಲ್ಲಾದರೂ ಮಡಚಿಕೊಂಡಿದೆಯೇ ಎಂದು ದತ್ತಾತ್ರೇಯ ಉದ್ದಕ್ಕೂ ಸವರಿ ನೋಡಿದ. ಮಡಚಿರಲಿಲ್ಲ. ಯಂತ್ರದ ಬಾಯಿಗಿದ್ದ ಸಣ್ಣ ಜಾಳಿಗೆಯನ್ನು ಬಿಚ್ಚಿ ತೊಳೆದ. ಅದರಲ್ಲೂ ಕಸವಿರಲಿಲ್ಲ. ಒಳಗೆ ಗಾಳಿ ತುಂಬಿಕೊಂಡಿದೆ ಎಂದು ಪಂಢರೀನಾಥ ಮಾಸ್ತರರು ಪಾಠ ಶುರು ಮಾಡಿ, ಕರೆಂಟು ಹಚ್ಚಿದರೆ ಯಂತ್ರ ತಾನೇ ನೀರು ಎಳೆದುಕೊಳ್ಳುತ್ತದೆ ಎಂದರು. ಕರೆಂಟು ಹಚ್ಚಿದರು. ಬರಿ ಹೊಟ್ಟೆಯ ಯಂತ್ರ ಗಡಗಡ ಸದ್ದು ಮಾಡಿ ಎಲ್ಲರನ್ನೂ ಬೆದರಿಸಿತು. ಹಿರಿಯರು ಮುಖ ಮುಖ ನೋಡಿಕೊಂಡರು.

ರುಕ್ಮಿಣೀಬಾಯಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅಪರಾಧ ಎಲ್ಲಿದೆ ಎಂದು ಆ ಹಿತ್ತಲಲ್ಲಿ ಬಲ್ಲವಳು ಆಕೆ ಒಬ್ಬಳೇ.

ಇಮಾಮಹುಸೇನನನ್ನು ಕರೆಸಿದರು. ಅವನು ನೇರ ಗಂಟಿಗೇ ಕೈ ಹಾಕಿ ತಿರುಪು ಬಿಚ್ಚಿದ. ಒಳಗೆ ಬಗ್ಗಿ ನೋಡಿದ. ಇಕ್ಕಳದಿಂದ ಮೆಲ್ಲಗೆ ಏನನ್ನೋ ಎಳೆದ. ಕೆಂಪು ರೇಷ್ಮೆ, ಬಿಳಿಯ ತೆನೆ. ತಲೆ ಎತ್ತಿ ಬಾಗಿಲ ಕಡೆ ನೋಡಿದ. ರುಕ್ಮಿಣೀಬಾಯಿಯ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ಅವನು ಬೆನ್ನು ಎಲ್ಲರ ಕಡೆ ಮಾಡಿ, ಹಿಡಿದದ್ದನ್ನು ಇಕ್ಕಳದ ಸಮೇತ ಚೀಲದೊಳಗೆ ಇಳಿಸಿಬಿಟ್ಟ.

"ಏನಾಗಿತ್ತೋ?" ಎಂದ ದತ್ತಾತ್ರೇಯ.

"ನಂದ ತಪ್ರಿ ರಾಯರ. ಹಂಗಾಮಿ ಅರಿವಿ ತುರುಕಿದ್ದೆ, ವಾಯ್ಸರ್ ಹಾಕೂದು ಮರತು ಹೋದೆ."

"ಮರತಿದ್ಯಾ?"

"ಹೌದ್ರಿ."

ಹಿರಿಯರಲ್ಲಿ ಒಬ್ಬರು ಧೋತರದ ಚುಂಗು ಕೊಡವಿ ಎದ್ದರು. "ದತ್ತಣ್ಣಾ, ಮನ್ಯಾಗಿನ ಒಂದು ನಳಾ ನೆಟ್ಟಗ ಹಾಕಲಾರದಾಂವಗ ಹಾಸ್ಟೆಲ್ಲಿನ ನಳಾ ಹ್ಯಾಂಗ ಒಪ್ಪಸೂದಪಾ?" ಎಂದರು. ದತ್ತಾತ್ರೇಯನ ಮುಖ ಕಪ್ಪಿಟ್ಟಿತು. ಅವರೆದುರಿಗೇ ಇಮಾಮಹುಸೇನನಿಗೆ ನಾಲ್ಕು ಮಾತು ಬಿಗಿಯಾಗಿ ಅಂದ. ಇಮಾಮಹುಸೇನ ಚೀಲದಿಂದ ಬೇರೊಂದು ವಾಯ್ಸರು ತೆಗೆದು ಕೂರಿಸಿದ. ನೀರು ಭೋರೆಂದು ಬಂತು. ಅವನು ಕೂಲಿ ಕೇಳದೆ ಹೋದ.

ಬಾಯಿ ಬಿಡಬೇಕಾದದ್ದು ಆಗ. ರುಕ್ಮಿಣೀಬಾಯಿ ಬಿಡಲಿಲ್ಲ. ಬಂದವರ ಮುಂದೆ ಬೇಡ, ರಾತ್ರಿ ಹೇಳಿದರಾಯಿತು ಅಂದುಕೊಂಡಳು. ರಾತ್ರಿ ಮಗನಿಗೆ ತಲೆನೋವು. ಮರುದಿನ ಕೋರ್ಟಿನ ಅವಸರ. ಅದರ ಮರುದಿನ ಏಕಾದಶಿ, ಉಪವಾಸದ ದಿನ ಮನೆಯಲ್ಲಿ ಜಗಳ ಯಾಕೆ? ಹೇಳದಿರುವುದಕ್ಕೆ ಕಾರಣ ಹುಡುಕುವವರಿಗೆ ಪಂಚಾಂಗವೇ ಸಾಲದು. ಯಂತ್ರ ಮಾತ್ರ ದಿನಾ ಬೆಳಿಗ್ಗೆ ಚೊಕ್ಕಟವಾಗಿ ನೀರು ತುಂಬಿಕೊಂಡು ಗುಂಯ್ಯೆಂದು ತಿರುಗುತ್ತಿತ್ತು. ಹೊಸ ವಾಯ್ಸರಿನ ನೀರಿಗೆ ತನ್ನ ಸೀರೆ ಹಾಕಲು ಆಕೆ ಒಪ್ಪಲಿಲ್ಲ. ಕಲ್ಲಿನ ಮೇಲೆ ಕೈಯಿಂದಲೇ ಒಗೆದು ಹಿಂಡಿದಳು. ಗೆಣ್ಣು ನೋಯುವಾಗ, ನೋಯಲಿ, ನನಗೆ ಇದೇ ಆಗಬೇಕು ಎನ್ನುತ್ತಿದ್ದಳು. ಜಪಕ್ಕೆ ಕೂತರೆ ಇಮಾಮಹುಸೇನ ತಲೆ ಎತ್ತಿ ನೋಡಿದ ಆ ನೋಟವೇ ಬರುತ್ತಿತ್ತು. ದಿನ ತುಂಬಿದ ಹೆಂಡತಿಯನ್ನು ಬಿಟ್ಟು ಹೋಗಲು ಮನಸ್ಸಿಲ್ಲ ಎಂದಿದ್ದನಲ್ಲ.

ಕೊನೆಗೊಂದು ಮಧ್ಯಾಹ್ನ, ಮಗ ಊಟಕ್ಕೆ ಕೂತಾಗ, ಅನ್ನ ಬಡಿಸುತ್ತಿದ್ದವಳು ಚಮಚೆ ಕೆಳಗಿಟ್ಟಳು.

"ದತ್ತೂ, ಪೈಪಿನ್ಯಾಗ ಅರಿವಿ ತುರುಕಿದಾಕಿ ನಾನು. ಇಮಾಮಹುಸೇನಂದು ಏನೂ ತಪ್ಪಿಲ್ಲ."

ಎಲ್ಲವನ್ನೂ ಹೇಳಿದಳು. ದತ್ತಾತ್ರೇಯ ಸಿಟ್ಟಿಗೇಳಬಹುದೆಂದು ಕಾದಳು. ಅವನು ಸಿಟ್ಟಿಗೇಳಲಿಲ್ಲ. ಕಲಸಿದ ಅನ್ನವನ್ನು ಬದಿಗೆ ಸರಿಸಿದ.

"ನಿನ್ನೆ ಕಮಿಟಿ ಕೂತಿತ್ತವ್ವಾ. ಹುಬ್ಬಳ್ಳಿ ಮಿಸ್ತ್ರಿಗೆ ಕೊಟ್ಟಾತು. ಆಂವ ಸಾಮಾನು ಸೈತ ಇಳಿಸ್ಯಾನ. ಕೊಟ್ಟ ಮಾತು ಹೊಳ್ಳಿ ತಗೊಳ್ಳೋ ಹಂಗಿಲ್ಲ." ತಲೆ ಎತ್ತಿ ಕೇಳಿದ: "ಮೊನ್ನೆ ಹೇಳಬಾರದಿತ್ತೇನವ್ವಾ?"

ಬೈದಿದ್ದರೆ ಎಷ್ಟೋ ಮೇಲಾಗುತ್ತಿತ್ತು. ರುಕ್ಮಿಣೀಬಾಯಿ ಹಿತ್ತಲಿಗೆ ಹೋಗಿ ಒಡಕು ಮಡಕೆಯಿಂದ ಆ ಕಪ್ಪು ಬಿಲ್ಲೆಯನ್ನು ಇಕ್ಕಳದಿಂದ ತೆಗೆದು ಬಾಳೆಲೆಯ ತುಂಡಿನಲ್ಲಿ ಸುತ್ತಿಕೊಂಡಳು. ಅವನ ವಸ್ತು ಅವನಿಗೆ ಸೇರಬೇಕು, ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಬೇಕು. ಸೊಸೆ ತಡೆಯುವ ಮೊದಲೇ ಓಣಿ ದಾಟಿದ್ದಳು.

ಇಮಾಮಹುಸೇನನ ಮನೆ ಮಸೀದಿಯ ಹಿಂದೆ. ಆಕೆ ಆ ಕಡೆ ಕಾಲಿಟ್ಟದ್ದು ಅದೇ ಮೊದಲು. ಬಾಗಿಲಲ್ಲಿ ಅವನು ಉಪಕರಣಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ. ಒಳಗೆ ಗೋಡೆಗೆ ಒರಗಿ ಕೂತ ಅವನ ಹೆಂಡತಿ ದಸ್ತಗೀರಬಿ ಎದ್ದು ನಿಲ್ಲಲು ಒದ್ದಾಡಿದಳು. "ಕೂಡವ್ವಾ, ಕೂಡು," ಎಂದಳು ರುಕ್ಮಿಣೀಬಾಯಿ.

"ಎಲ್ಲಿಗೆ ಹೊಂಟೀಯೋ ಇಮಾಮಹುಸೇನಾ?"

"ಹುನಗುಂದದ ಕಡೆ ಬಾವಿ ಪಂಪಿನ ಕೆಲಸ ಐತ್ರಿ ಅವ್ವಾರ. ಶುಕ್ರವಾರಕ್ಕೊಮ್ಮೆ ಬರ್ತೀನಿ."

ಆಕೆ ಬಾಳೆಲೆಯ ಪೊಟ್ಟಣವನ್ನು ಹೊಸ್ತಿಲ ಮೇಲೆ ಇಟ್ಟು, ತಾನು ದೂರ ಸರಿದಳು. "ನಾ ತಪ್ಪು ಮಾಡಿದೆ. ದತ್ತೂಗ ಹೇಳೇನಿ, ಆದ್ರ ತಡಾ ಆತು. ಚರ್ಮದ ನೀರು ಬ್ಯಾಡಂತ ಇದನ್ನ ನಾನ ತಗದು ಒಗದಿದ್ದೆ."

ಇಮಾಮಹುಸೇನ ಎಲೆ ಬಿಚ್ಚಿ ನೋಡಿ, ಮೆಲ್ಲಗೆ ನಕ್ಕ.

"ಇದು ಚರ್ಮ ಅಲ್ರಿ ಅವ್ವಾರ. ಸೈಕಲ್ ಟ್ಯೂಬು, ರಬ್ಬರು. ನಿಮ್ಮ ಮಡಿ ನಂಗ ಗೊತ್ತಿಲ್ಲೇನ್ರಿ? ಚರ್ಮದ್ದು ಹಾಕಿದ್ರ ನೀವು ಆ ನೀರು ಮುಟ್ಟಂಗಿಲ್ಲಂತ ನಾನ ಕತ್ತರಿಸಿ ಹಾಕಿದ್ದೆ. ಈಗ ಹಾಕಿದ್ದೂ ಅದ ರೀ."

ರುಕ್ಮಿಣೀಬಾಯಿ ಕಟ್ಟೆಯ ಮೇಲೆ ಕೂತಳು. ಗಿಡದ ಹಾಲು. ಆಕೆ ಕೇಳುವ ಮೊದಲೇ, ಆಕೆಗಾಗಿ, ಅವನು ಹಾಕಿದ್ದ.

"ಅವತ್ತ ಅವರ ಮುಂದ ಹೇಳಬಾರದಿತ್ತೇನೋ?"

"ಮಗನ ಮುಂದ, ಬಂದ ಮಂದಿ ಮುಂದ, ನಿಮ್ಮ ಮರ್ಯಾದಿ ಹ್ಯಾಂಗ ತೆಗೀಲ್ರಿ." ಅವನು ಒಳಗೆ ಹೋಗಿ ಗೂಡಿನಿಂದ ಒಂದು ಕಾಗದದ ಪೊಟ್ಟಣ ತಂದು ಬಿಚ್ಚಿದ. ಒಳಗೆ ಇಳಕಲ್ಲ ಸೆರಗಿನ ಆ ತುಂಡು, ಒಣಗಿಸಿ ಇಟ್ಟದ್ದು. "ಮಡಿ ವಸ್ತ್ರ ಅಂತ ಗುರುತು ಹತ್ತಿತ್ರಿ. ನಾ ಕೈ ಹಚ್ಚಿಲ್ಲ. ಇಕ್ಕಳದಾಗ ಹಿಡದ ಒಣಗಿಸಿ ಇಟ್ಟೀನಿ." ಹಾಗೆಂದು ಇಕ್ಕಳದ ತುದಿಯಿಂದಲೇ ಅದನ್ನು ಎತ್ತಿ, ಆಕೆಯ ಸೆರಗಿಗೆ ಬೀಳುವಂತೆ ಮೇಲಿನಿಂದ ಬಿಡಲು ಬಂದ.

ಮತ್ತೆ ಇಕ್ಕಳ. ಆಕೆ ಅವನ ವಸ್ತುವನ್ನು ಹಿಡಿದದ್ದೂ ಹಾಗೆಯೇ, ಮುಖ ಆಚೆ ತಿರುಗಿಸಿ.

"ಅದರಾಗ ಬ್ಯಾಡೋ," ಎಂದಳು ರುಕ್ಮಿಣೀಬಾಯಿ. ಬಾತ ಬೆರಳುಗಳ ಅಂಗೈ ಚಾಚಿದಳು. "ನಿನ್ನ ಕೈಯಿಂದ ಕೊಡು."

ಇಮಾಮಹುಸೇನ ಹೆಂಡತಿಯ ಕಡೆ ನೋಡಿದ. ದಸ್ತಗೀರಬಿ ತಲೆ ತಗ್ಗಿಸಿದಳು. ಚಾಚಿದ ಕೈ ಹಿಂದಕ್ಕೆ ಹೋಗಲಿಲ್ಲ. ಅವನು ಇಕ್ಕಳ ಕೆಳಗಿಟ್ಟು, ಎಣ್ಣೆಗಪ್ಪು ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು, ಆ ತುಂಡನ್ನು ಆಕೆಯ ಅಂಗೈಯಲ್ಲಿಟ್ಟ. ಆಕೆ ಬೆರಳು ಮುಚ್ಚಿದಳು. ಹೊತ್ತು ಇಳಿಯುವ ಮೊದಲೇ ಅವನು ಹುನಗುಂದದ ಬಸ್ಸು ಹಿಡಿಯಬೇಕಿತ್ತು.